ನಾನ್ಯಾರು ಅಂತ ಕೇಳುವ ಮೆಷಿನ್

ಮಗ ಏನು ಕೆಲಸ ಮಾಡ್ತಾನೆ ಅಂತ ಯಾರಾದರೂ ಕೇಳಿದರೆ ನಮ್ಮಮ್ಮ "ಕಂಪ್ಯೂಟರ್ ರಿಪೇರಿ" ಅಂತಾಳೆ. ಹತ್ತು ವರ್ಷದಿಂದ ತಿದ್ದಲು ನೋಡಿ ಸೋತಿದ್ದೇನೆ. ನಿಜ ಹೇಳಬೇಕೆಂದರೆ ನನ್ನದು ಅದಕ್ಕೆ ತದ್ವಿರುದ್ಧ, ಕೆಡಿಸುವ ಕೆಲಸ. ಹೆಬ್ಬಾಳದ ಹತ್ತಿರ ಒಂದು ಲ್ಯಾಬಿನಲ್ಲಿ ಇಪ್ಪತ್ನಾಲ್ಕು ಮೆಷಿನ್‌ಗಳು ರ್‍ಯಾಕಿನಲ್ಲಿ ಕೂತಿವೆ, ಎಲ್ಲವೂ ಒಂದೇ ನೆಟ್‌ವರ್ಕಿನಲ್ಲಿ. ನಮ್ಮ ಸಾಫ್ಟ್‌ವೇರನ್ನು ಅವುಗಳ ಮೇಲೆ ಓಡಿಸುತ್ತೇವೆ. ಆಮೇಲೆ ಬೇಕಂತಲೇ ಲಿಂಕ್ ಕತ್ತರಿಸುತ್ತೇವೆ, ಪ್ಯಾಕೆಟ್ ಬೀಳಿಸುತ್ತೇವೆ, ಎಲ್ಲಿ ಮುರಿಯುತ್ತೆ ಅಂತ ನೋಡುತ್ತೇವೆ. ಇದಕ್ಕೆ ಟೆಸ್ಟ್‌ಬೆಡ್ ಅಂತಾರೆ.

ನಮ್ಮಿಂದ ಸ್ವಲ್ಪ ದೂರದ ಜಿಕೆವಿಕೆಯಲ್ಲಿ ಪ್ರಯೋಗದ ತಾಕುಗಳಿವೆ. ಹೊಸ ರಾಗಿ ತಳಿ ಚೆನ್ನಾಗಿದೆಯಾ ಅಂತ ತಿಳಿಯಬೇಕಾದರೆ ಗೊಬ್ಬರ, ನೀರು, ಬಿತ್ತಿದ ದಿನ ಎಲ್ಲ ತಾಕಿಗೂ ಒಂದೇ ಇರಬೇಕು. ಇಲ್ಲದಿದ್ದರೆ ಇಳುವರಿ ಹೆಚ್ಚಿದ್ದು ತಳಿಯಿಂದಲೋ ಗೊಬ್ಬರದಿಂದಲೋ ಹೇಳೋಕಾಗಲ್ಲ. ನಮ್ಮದೂ ಅದೇ ಕಥೆ. ನಿನ್ನೆಯ ಪರೀಕ್ಷೆಯ ಕಸ ಉಳಿದಿದ್ದರೆ ಇವತ್ತಿನ ಫಲಿತಾಂಶ ನಂಬುವ ಹಾಗಿಲ್ಲ. ಹಾಗಾಗಿ ಪ್ರತಿ ಸಲ ಡಿಸ್ಕ್ ಒರೆಸಿ ಹೊಸದಾಗಿ ಲಿನಕ್ಸ್ ಹಾಕಬೇಕು. ಇಪ್ಪತ್ನಾಲ್ಕಕ್ಕೂ ಒಂದೊಂದಾಗಿ ಹಾಕುತ್ತಾ ಕೂತರೆ ದಿನ ಮುಗಿದುಹೋಗುತ್ತೆ. ಅದಕ್ಕೆ ಒಂದು ಮೆಷಿನ್ನನ್ನು ನಮಗೆ ಬೇಕಾದ ಕರ್ನಲ್, ಬೇಕಾದ ಪ್ಯಾಕೇಜುಗಳ ಜೊತೆ ಸಿದ್ಧ ಮಾಡಿ, ಅದರ ಡಿಸ್ಕಿನ ಅಚ್ಚು ತೆಗೆದು, ಉಳಿದವಕ್ಕೆಲ್ಲ ಒತ್ತುತ್ತೇವೆ. ಆ ಅಚ್ಚೇ ಡಿಸ್ಕ್ ಇಮೇಜ್.

ಈ ವಿದ್ಯೆಯನ್ನು ಚೆನ್ನಾಗಿ ಪಳಗಿಸಿದವರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಎಮ್ಯುಲ್ಯಾಬ್ ತಂಡದವರು ಮುಖ್ಯರು. ಅವರ ಫ್ರಿಸ್ಬಿ ಅನ್ನುವ ತಂತ್ರಾಂಶದ ಬಗ್ಗೆ 2003ರಲ್ಲಿ ಒಂದು ಪ್ರಬಂಧ ಬಂತು. 80 ಮೆಷಿನ್‌ಗಳ ಡಿಸ್ಕಿಗೆ ಒಟ್ಟು 50 ಗಿಗಾಬೈಟ್ ಬರೆಯಲು 34 ಸೆಕೆಂಡ್! ಗುಟ್ಟು ಸರಳ. ಡಿಸ್ಕಿನಲ್ಲಿ ಖಾಲಿ ಬಿದ್ದ ಜಾಗವನ್ನು ಅದು ಸಾಗಿಸುವುದೇ ಇಲ್ಲ. ಉಳಿದದ್ದನ್ನು ಒತ್ತಿ ಚಿಕ್ಕದು ಮಾಡಿ ಮಲ್ಟಿಕಾಸ್ಟ್‌ನಲ್ಲಿ ಕಳಿಸುತ್ತೆ. ಅಂದರೆ ಊರಿನ ದೇವಸ್ಥಾನದ ಮೈಕಿನ ಹಾಗೆ, ಹೇಳೋದು ಒಂದೇ ಸಲ, ಕೇಳಿಸಿಕೊಳ್ಳೋದು ಎಲ್ಲರೂ. ತಪ್ಪಿಹೋದ ತುಂಡನ್ನು ಮಾತ್ರ ಆಯಾ ಮೆಷಿನ್ ಮತ್ತೆ ಕೇಳಿ ಪಡೆಯುತ್ತೆ.

ಹಂಚುವುದು ಹೀಗೆ ಸುಲಭವಾದ ಮೇಲೆ ಕಷ್ಟ ಎಲ್ಲಿದೆ? ಅಚ್ಚು ತೆಗೆಯುವ ಮೊದಲಿನ ಅರ್ಧ ಗಂಟೆಯಲ್ಲಿದೆ. ನೂರು ಮೆಷಿನ್ ಒಂದೇ ಥರ ಮಾಡಬಹುದು, ಆದರೆ ಅವು ಒಂದೇ ಮೆಷಿನ್ ಆಗಿಬಿಡಬಾರದು.

ನಮ್ಮ ಲ್ಯಾಬಿನಲ್ಲಿ ಒಂದು ಹಳೇ ಇಮೇಜ್ ಇತ್ತು. ಮಾಡಿದವರು ಕೆಲಸ ಬಿಟ್ಟು ಹೋಗಿದ್ದರು, ಏನೇನು ಮಾಡಿದ್ದರು ಅಂತ ಒಂದು ಸಾಲೂ ಬರೆದಿಟ್ಟಿರಲಿಲ್ಲ. ಅದನ್ನು ಹೊಸ ರ್‍ಯಾಕಿಗೆ ಒತ್ತಿದ ದಿನ ಎಲ್ಲ ಮೆಷಿನ್‌ಗಳೂ ಒಂದೇ ಐಪಿ ವಿಳಾಸಕ್ಕೆ ಕಿತ್ತಾಡತೊಡಗಿದವು. ಕಾರಣ ಇಷ್ಟೇ. ಲಿನಕ್ಸ್ ಮೊದಲ ಸಲ ಏಳುವಾಗ ತನಗೊಂದು ಮೆಷಿನ್ ಐಡಿ ಬರೆದುಕೊಳ್ಳುತ್ತೆ. ಆ ಫೈಲನ್ನು ಖಾಲಿ ಮಾಡದೆ ಅಚ್ಚು ತೆಗೆದಿದ್ದರು. ಈಗಿನ ಕೆಲವು ಲಿನಕ್ಸ್‌ಗಳು ವಿಳಾಸ ಕೇಳುವಾಗ ಆ ಐಡಿಯಿಂದ ಹುಟ್ಟಿಸಿದ ಗುರುತನ್ನೇ ತೋರಿಸುತ್ತವೆ. ವಿಳಾಸ ಹಂಚುವ ಡಿಎಚ್‌ಸಿಪಿ ಸರ್ವರ್ ಪಾಪ, ಬಂದವರೆಲ್ಲ ಒಬ್ಬನೇ ಅಂದುಕೊಂಡಿತು.

ಎಸ್‌ಎಸ್‌ಎಚ್ ಹೋಸ್ಟ್ ಕೀಗಳದ್ದು ಇನ್ನೂ ಅಪಾಯದ ವಿಷಯ. ಅದು ಮೆಷಿನ್ನಿನ ಮನೆ ಬೀಗ ಇದ್ದ ಹಾಗೆ. ಇಮೇಜಿನ ಜೊತೆ ಅದೂ ಹೋದರೆ ಎಲ್ಲ ಮನೆಗೂ ಒಂದೇ ಕೀಲಿ. 2012ರಲ್ಲಿ ನಾದಿಯಾ ಹೆನಿಂಗರ್ ಮತ್ತು ಸಂಗಡಿಗರು ಇಡೀ ಇಂಟರ್ನೆಟ್ ಜಾಲಾಡಿದಾಗ, ಒಂದಕ್ಕೊಂದು ಸಂಬಂಧವಿಲ್ಲದ ಎಷ್ಟೋ ಉಪಕರಣಗಳು ಒಂದೇ ಕೀ ಇಟ್ಟುಕೊಂಡು ಕೂತಿದ್ದವು. ಹಾಗಾಗಿ ಅಳಿಸಬೇಕಾದ್ದರ ಪಟ್ಟಿ ಉದ್ದ: ಮೆಷಿನ್ ಐಡಿ, ಹೋಸ್ಟ್ ಕೀ, ಹೋಸ್ಟ್ ನೇಮ್, ಹಳೇ ಡಿಎಚ್‌ಸಿಪಿ ನೆನಪು, ನೆಟ್‌ವರ್ಕ್ ಕಾರ್ಡಿನ ಮ್ಯಾಕ್ ವಿಳಾಸ ಬರೆದಿಟ್ಟ ಫೈಲುಗಳು, ಲಾಗ್‌ಗಳು, ಟೈಪ್ ಮಾಡಿದ ಕಮಾಂಡ್‌ಗಳ ಚರಿತ್ರೆ.

ಹೊಸ ಇಮೇಜ್ ಮಾಡುವ ಕೆಲಸವನ್ನು ನಾನು ಒಬ್ಬ ಹುಡುಗನ ಜೊತೆ ಮಾಡಿದೆ. ಪಾವಗಡ ಕಡೆಯವನು, ಕಾಲೇಜು ಮುಗಿಸಿ ಎಂಟು ತಿಂಗಳಾಗಿತ್ತು. ಪ್ರೊಬೇಷನ್ ಮುಗಿಯಲು ಒಂದೇ ತಿಂಗಳು ಬಾಕಿ. ಅವನ ಬಗ್ಗೆ ಮೇಲಿನವರ ಅಭಿಪ್ರಾಯ ಚೆನ್ನಾಗಿರಲಿಲ್ಲ. ಮೀಟಿಂಗಿನಲ್ಲಿ ಬಾಯಿ ಬಿಡಲ್ಲ, ಗೊತ್ತಿಲ್ಲದ್ದನ್ನು ಕೇಳಲ್ಲ, ಒಬ್ಬನೇ ಒದ್ದಾಡಿಕೊಂಡು ನಾಲ್ಕು ದಿನ ಕಳೀತಾನೆ ಅಂತ. ಯಾಕೆ ಕೇಳಲ್ಲ ಅನ್ನೋದು ನನಗೆ ಗೊತ್ತಿತ್ತು. ಊರಲ್ಲಿ ಹೊಸಬರು ಕಂಡರೆ ಮೊದಲ ಪ್ರಶ್ನೆಯೇ "ಯಾವೂರಪ್ಪ? ಯಾರ ಮಗ?" ಇಲ್ಲಿ ಪ್ರಶ್ನೆ ಕೇಳಿದರೆ "ಅಯ್ಯೋ, ಇಷ್ಟೂ ಗೊತ್ತಿಲ್ವಾ?" ಅನ್ನಿಸಿಕೊಳ್ಳುವ ಭಯ, ಅದೂ ಇಂಗ್ಲಿಷಿನಲ್ಲಿ. ಎಲ್ಲ ಗೊತ್ತಿರುವವನ ಹಾಗೆ ಮುಖ ಮಾಡಿಕೊಂಡು ಕೂರುವುದೇ ಕ್ಷೇಮ ಅನ್ನಿಸುತ್ತೆ.

ಮೂರನೇ ದಿನ ಸಂಜೆ ಅವನು ಮೆಲ್ಲಗೆ ಬಂದ. "ಸರ್, ಎಲ್ಲಾ ಅಳಿಸಿಬಿಟ್ಟರೆ ಮೆಷಿನ್‌ಗೆ ತಾನು ಯಾರು ಅಂತ ಹೆಂಗೆ ಗೊತ್ತಾಗುತ್ತೆ?"

ಇಡೀ ವಿಷಯದ ತಿರುಳು ಆ ಪ್ರಶ್ನೆಯಲ್ಲೇ ಇತ್ತು. ಮೆಷಿನ್ ಕೇಳಿ ತಿಳಿದುಕೊಳ್ಳುತ್ತೆ, ಅಷ್ಟೇ. ಪವರ್ ಕೊಟ್ಟ ತಕ್ಷಣ ಪಿಎಕ್ಸ್‌ಇ ಮೂಲಕ ನೆಟ್‌ವರ್ಕಿಗೆ ಕೂಗು ಹಾಕುತ್ತೆ, ನನ್ನ ವಿಳಾಸ ಯಾವುದು, ಯಾವುದರಿಂದ ಬೂಟ್ ಆಗಲಿ ಅಂತ. ಡಿಸ್ಕಿನಿಂದ ಎದ್ದ ಮೇಲೂ ಮತ್ತೆ ಕೇಳುತ್ತೆ. ಎಮ್ಯುಲ್ಯಾಬಿನಲ್ಲಿ ಇದಕ್ಕೆಂದೇ ಒಂದು ಸರ್ವರ್ ಪ್ರೋಗ್ರಾಂ ಇದೆ. ನಿನ್ನ ಹೆಸರು ಇದು, ಇವತ್ತಿನ ಪ್ರಯೋಗದಲ್ಲಿ ನಿನ್ನ ಪಾತ್ರ ಇದು, ನಿನ್ನ ಪಕ್ಕದವರು ಇವರು ಅಂತ ಅದು ಪ್ರತಿ ಮೆಷಿನ್ನಿಗೂ ಹೇಳುತ್ತೆ. ಇಮೇಜಿನೊಳಗೆ ಉತ್ತರಗಳನ್ನು ತುಂಬಿಟ್ಟರೆ ಅದು ಹುಟ್ಟಿದ ಮೆಷಿನ್ ಬಿಟ್ಟು ಬೇರೆಲ್ಲೂ ಸರಿಯಾಗಿ ಬಾಳಲ್ಲ. ಯಾರನ್ನು, ಏನು, ಯಾವಾಗ ಕೇಳಬೇಕು ಅನ್ನುವ ಸ್ಕ್ರಿಪ್ಟ್ ಇಟ್ಟರೆ ಯಾವ ರ್‍ಯಾಕಿಗೆ ಹಾಕಿದರೂ ಬದುಕಿಕೊಳ್ಳುತ್ತೆ.

ಇದನ್ನು ಹೇಳುತ್ತಾ ಹೇಳುತ್ತಾ ನನಗೇ ಹೊಳೆದದ್ದು, ಬೆಂಗಳೂರಿಗೆ ಬಂದವರು ನಾವು ಅಳಿಸಬೇಕಾದ್ದನ್ನು ಬಿಟ್ಟು ಬೇರೇನೋ ಅಳಿಸಿಕೊಂಡಿದ್ದೇವೆ. ನಮ್ಮ ಮಾತಿನ ಧಾಟಿ ಒರೆಸಿಕೊಂಡೆವು, ಊಟದ ರೀತಿ ಒರೆಸಿಕೊಂಡೆವು. ಊರಿನಿಂದ ತಂದಿದ್ದ ನಿಜವಾಗಿ ಉಪಯೋಗದ ಒಂದು ಗುಣ, ಸಂಕೋಚವಿಲ್ಲದೆ ಕೇಳುವುದು, ಅದನ್ನೂ ಒರೆಸಿಬಿಟ್ಟೆವು.

ಹೊಸ ಇಮೇಜ್ ಈಗ ಓಡುತ್ತಿದೆ. ಅದನ್ನು ಮೊದಲಿಂದ ಕಟ್ಟುವ ಸ್ಕ್ರಿಪ್ಟ್, ಯಾವ ಸಾಲು ಯಾಕೆ ಅನ್ನುವ ಟಿಪ್ಪಣಿ ಸಮೇತ, ರೆಪೊದಲ್ಲಿದೆ. ನಾಳೆ ನಾವಿಬ್ಬರೂ ಕೆಲಸ ಬಿಟ್ಟರೂ ಮೂರನೆಯವರು ಮತ್ತೆ ಕಟ್ಟಿಕೊಳ್ಳಬಹುದು. ಟಿಪ್ಪಣಿ ಬರೆದದ್ದು ಹುಡುಗನೇ, ಪೂರ್ತಿ ಪ್ರಶ್ನೋತ್ತರದ ರೂಪದಲ್ಲಿ. ರಿವ್ಯೂನಲ್ಲಿ ನಾನು ಅದನ್ನೇ ಮುಂದಿಟ್ಟು ವಾದ ಮಾಡಿದೆ. ಪೂರ್ತಿ ಗೆಲ್ಲಲಿಲ್ಲ. ಕೆಲಸ ಕಾಯಂ ಆಗಲಿಲ್ಲ, ಪ್ರೊಬೇಷನ್ ಮೂರು ತಿಂಗಳು ಮುಂದಕ್ಕೆ ಹೋಯಿತು, ಅಷ್ಟೇ. ಆದರೆ ಹೋದ ಸೋಮವಾರದ ಮೀಟಿಂಗಿನಲ್ಲಿ ಯಾರೋ ಸ್ಲೈಡ್ ತೋರಿಸುತ್ತಿದ್ದಾಗ ಹಿಂದಿನ ಸಾಲಿನಿಂದ ಒಂದು ಕೈ ಮೇಲೆದ್ದಿತು. "ಅದು ನನಗೆ ಅರ್ಥ ಆಗಲಿಲ್ಲ, ಇನ್ನೊಂದು ಸಲ ಹೇಳ್ತೀರಾ?" ಕನ್ನಡದಲ್ಲೇ ಕೇಳಿದ. ಸ್ಲೈಡ್ ತೋರಿಸುತ್ತಿದ್ದವರು ಒಂದು ಕ್ಷಣ ನಿಂತು, ಹಿಂದಿನ ಸ್ಲೈಡಿಗೆ ಹೋದರು. ಅರ್ಥವಾಗದೆ ಕೂತಿದ್ದ ಇನ್ನೂ ನಾಲ್ಕು ಜನ ಮುಂದಕ್ಕೆ ಬಗ್ಗಿದರು.