ರಾಕ್ಷಸ ಯಾರ ಮೈಮೇಲೆ ಬಂದಿತ್ತು?

ಕೊಪ್ಪದ ಕಡೆ ಮಳೆಗಾಲ ಕಂಡವರಿಗೆ ಗೊತ್ತು, ಒಂದು ಸಲ ಕರೆಂಟು ಹೋದ್ರೆ ಮತ್ತೆ ಬರೋದು ಯಾವಾಗ ಅಂತ ಕೇಳೋದೇ ತಪ್ಪು. 2012ರ ಅಂಥದ್ದೊಂದು ಜುಲೈನಲ್ಲಿ, ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ, ಬೆಂಗಳೂರಿನಲ್ಲಿದ್ದ ಅತ್ತೆ ಮಗ ಭಾವ ತನ್ನ ಹಳೇ ಪಿಎಸ್‌ಪಿ ನನಗೆ ಕೊಟ್ಟು ಹೋಗಿದ್ದ. ಸ್ಕ್ರೀನಿನ ಮೇಲೆ ಗೀರು, ಒಂದು ಗುಂಡಿ ಒತ್ತಿದ್ರೆ ಮೇಲೇಳ್ತಿರಲಿಲ್ಲ. ಜೊತೆಗೆ ಒಂದೇ ಒಂದು ಆಟದ ಡಿಸ್ಕು: ಜಾನ್ ದಾರ್ಕ್. ಪೇಟೆಯಲ್ಲಿದ್ದ ಚಿಕ್ಕಪ್ಪನ ಅಂಗಡಿಯಲ್ಲಿ ಚಾರ್ಜ್ ಮಾಡಿಸ್ಕೊಂಡು ಬಂದು, ಆ ಬ್ಯಾಟರಿಯನ್ನ ಮೂರು ದಿನಕ್ಕೆ ಪಾಲು ಹಾಕಿಕೊಂಡು ಆಡ್ತಿದ್ದೆ. ಓದುವ ವಿಷಯದಲ್ಲಿ ಇಷ್ಟು ಶಿಸ್ತು ಇದ್ದಿದ್ರೆ ಎಲ್ಲೋ ಇರ್ತಿದ್ದೆ ಅಂತ ಅಮ್ಮ ಈಗಲೂ ಹೇಳ್ತಾಳೆ :)

ಆಡದವರಿಗಾಗಿ ಸ್ವಲ್ಪ ಹೇಳ್ತೀನಿ. ಲೆವೆಲ್-5 ಅನ್ನೋ ಜಪಾನಿನ ಕಂಪನಿ ಮಾಡಿದ ಆಟ ಇದು. 2006ರಲ್ಲಿ ಜಪಾನಿನಲ್ಲಿ, ಮರುವರ್ಷ ಅಮೆರಿಕದಲ್ಲಿ ಬಂತು. ಕಥೆ ಇಂಗ್ಲೆಂಡ್-ಫ್ರಾನ್ಸ್ ನಡುವಿನ ನೂರು ವರ್ಷಗಳ ಯುದ್ಧದ್ದು (1337ರಿಂದ 1453, ಲೆಕ್ಕ ಹಾಕಿದ್ರೆ 116 ವರ್ಷ!). ನಾಯಕಿ ಜೋನ್ ಆಫ್ ಆರ್ಕ್. ಆದ್ರೆ ಇಲ್ಲಿ ಅವಳ ಕೈಯಲ್ಲೊಂದು ಮಾಂತ್ರಿಕ ಕಡಗ, ಅದಕ್ಕೆ ಹರಳು ಕೂರಿಸಿದ್ರೆ ರೂಪವೇ ಬದಲಾಗಿ ಶಕ್ತಿ ಬರುತ್ತೆ. ಚದುರಂಗದ ಹಾಗೆ ಚೌಕಗಳ ಮೇಲೆ ಸೈನಿಕರನ್ನ ನಡೆಸಬೇಕು. ಒಬ್ಬ ಹೊಡೆದಾಗ ವೈರಿಯ ಹಿಂದಿನ ಚೌಕದಲ್ಲಿ ಬೆಂಕಿಯಂಥದ್ದೊಂದು ಗುರುತು ಏಳುತ್ತೆ, ಅಲ್ಲಿಗೆ ನಮ್ಮ ಇನ್ನೊಬ್ಬನನ್ನ ತಂದು ನಿಲ್ಲಿಸಿದ್ರೆ ಅವನ ಏಟಿಗೆ ಬಲ ಜಾಸ್ತಿ. ಎಷ್ಟೋ ರಾತ್ರಿ ಕಂಬಳಿ ಹೊದ್ದುಕೊಂಡು ಆ ಬೆಂಕಿಯ ಲೆಕ್ಕಾಚಾರದಲ್ಲೇ ಕಳೆದಿದ್ದೀನಿ.

ಮುಖ್ಯವಾದ ವಿಷಯ ಇದು. ಆ ಆಟದಲ್ಲಿ ಯುದ್ಧ ಯಾಕೆ ನಡೀತಿದೆ ಅಂದ್ರೆ, ಇಂಗ್ಲೆಂಡಿನ ಪುಟ್ಟ ರಾಜನ ಮೈಯೊಳಗೆ ಒಬ್ಬ ರಾಕ್ಷಸ ಸೇರಿಕೊಂಡಿದ್ದಾನೆ. ಅಷ್ಟೇ. ರಾಕ್ಷಸನನ್ನ ಕೊಂದ್ರೆ ಎಲ್ಲ ಸರಿ ಹೋಗುತ್ತೆ. ಒಂಬತ್ತನೇ ಕ್ಲಾಸಿನ ನನಗೆ ಇದರಲ್ಲಿ ಯಾವ ಅನುಮಾನವೂ ಬರಲಿಲ್ಲ. ಯಕ್ಷಗಾನ ನೋಡಿ ಬೆಳೆದವನಲ್ವಾ! ಬಣ್ಣದ ವೇಷ ಬರುವಾಗ ದೊಂದಿಗೆ ರಾಳ ಎರಚ್ತಾರೆ, ಚೆಂಡೆ ಎದೆಗೇ ಬಡಿಯುತ್ತೆ, ಮುಖದ ತುಂಬ ಚುಟ್ಟಿ. ರಾಕ್ಷಸ ಯಾರು ಅಂತ ಕೊನೇ ಸಾಲಿನಲ್ಲಿ ನಿದ್ದೆ ತೂಗ್ತಿರೋ ಮಗುವಿಗೂ ಗೊತ್ತಾಗುತ್ತೆ.

ತಾಳಮದ್ದಳೆಯಲ್ಲಿ ಮಾತ್ರ ನನಗೆ ಕಷ್ಟ ಆಗ್ತಿತ್ತು. ನಮ್ಮ ಅಜ್ಜಯ್ಯ ಹವ್ಯಾಸಿ ಅರ್ಥಧಾರಿ. ಯಾರದ್ದೋ ಮನೆ ಜಗಲಿಯಲ್ಲಿ ಭಾಗವತರು, ಮದ್ದಳೆ, ಎರಡೂ ಕಡೆ ಪಂಚೆ-ಶಲ್ಯದ ನಾಲ್ಕೈದು ಜನ. ವೇಷ ಇಲ್ಲ, ಕಿರೀಟ ಇಲ್ಲ, ಕುಣಿತ ಇಲ್ಲ. ಚಿಕ್ಕವನಿದ್ದಾಗ ಒಮ್ಮೆ ನಡುವೆಯೇ ಹೋಗಿ ಅಜ್ಜಯ್ಯನ ಶಲ್ಯ ಎಳೆದು ಕೇಳಿದ್ನಂತೆ, "ಅಜ್ಜಯ್ಯಾ, ಇವ್ರಲ್ಲಿ ರಾಕ್ಷಸ ಯಾರು?" ಎಲ್ರೂ ನಕ್ಕರಂತೆ. ಅಜ್ಜಯ್ಯ ಹೇಳಿದ್ದು, "ಮಾತು ಕೇಳಾ, ಗೊತ್ತಾಗ್ತದೆ." ಅವತ್ತು ಅವರೇ ಕೌರವ ಆಗಿದ್ರು.

ಇಂಜಿನಿಯರಿಂಗ್ ಹಾಸ್ಟೆಲ್ಲಿನಲ್ಲಿ ನಿಜವಾದ ಜೋನ್ ಕಥೆ ಓದಿದಾಗ ನನಗೆ ಸಣ್ಣ ಆಘಾತವೇ ಆಯ್ತು. ಅವಳನ್ನ 1430ರಲ್ಲಿ ಹಿಡಿದಿದ್ದು ಇಂಗ್ಲಿಷರಲ್ಲ, ಬರ್ಗಂಡಿಯವರು. ಅವಳದೇ ಭಾಷೆಯ ಜನ, ಇಂಗ್ಲಿಷರ ಮಿತ್ರಪಕ್ಷ. ದುಡ್ಡು ತಗೊಂಡು ಇಂಗ್ಲಿಷರಿಗೆ ಒಪ್ಪಿಸಿದ್ರು. ವಿಚಾರಣೆ ನಡೆಸಿ ಧರ್ಮದ್ರೋಹಿ ಅಂದವನು ಪಿಯರ್ ಕೋಶೋನ್ ಅನ್ನೋ ಫ್ರೆಂಚ್ ಬಿಷಪ್. 1431ರ ಮೇ 30ರಂದು ರುವಾನ್ ಪಟ್ಟಣದಲ್ಲಿ ಸುಟ್ಟರು. ಹತ್ತೊಂಬತ್ತು ವರ್ಷದ ಹುಡುಗಿ. 1456ರಲ್ಲಿ ತೀರ್ಪು ತಪ್ಪು ಅಂತ ರದ್ದು ಮಾಡಿದ್ರು, 1920ರಲ್ಲಿ ಸಂತಳು ಅಂತ ಘೋಷಿಸಿದ್ರು. ಈ ಇಡೀ ಕಥೆಯಲ್ಲಿ ರಾಕ್ಷಸ ಎಲ್ಲೂ ಇಲ್ಲ. ಆಟದಲ್ಲಂತೂ ಬೆಂಕಿಗೆ ಹೋಗೋದು ಜೋನ್ ಅಲ್ಲ, ಅವಳ ವೇಷದಲ್ಲಿದ್ದ ಗೆಳತಿ. ಮಾಡಿದವರಿಗೂ ನಿಜ ಹೇಳೋಕೆ ಮನಸ್ಸು ಬರಲಿಲ್ಲ ಅನ್ಸುತ್ತೆ.

ಈಗ ನನ್ನ ಕಥೆಗೆ ಬರ್ತೀನಿ.

ಎರಡು ವರ್ಷದ ಹಿಂದೆ ನಾನೂ ನನ್ನ ಎನ್.ಆರ್.ಪುರದ ಗೆಳೆಯನೂ ಸೇರಿ ಇಂಥದ್ದೇ ಒಂದು ಪುಟ್ಟ ಆಟ ಮಾಡೋಣ ಅಂತ ಹೊರಟ್ವಿ. ಕೋಡ್ ನಂದು, ಚಿತ್ರ ಅವನದು. ಯುದ್ಧ ಯಾವುದು? ದೂರ ಹೋಗೋದೇ ಬೇಡ, ನಮ್ಮ ಶೃಂಗೇರಿಯೇ ಇದೆಯಲ್ಲ! 1791, ಮೂರನೇ ಮೈಸೂರು ಯುದ್ಧ. ಟಿಪ್ಪುವಿನ ವಿರುದ್ಧ ಇಂಗ್ಲಿಷರು, ಮರಾಠರು, ನಿಜಾಮ ಮೂವರೂ ಒಂದು. ಪರಶುರಾಮ ಭಾವು ಪಟವರ್ಧನನ ಸೈನ್ಯ ಏಪ್ರಿಲ್‌ನಲ್ಲಿ ಧಾರವಾಡದ ಕೋಟೆ ಹಿಡಿದು ಕೆಳಗಿಳೀತು. ಅದೇ ವರ್ಷ ಮರಾಠಾ ಕುದುರೆ ದಂಡು ಶೃಂಗೇರಿಗೆ ನುಗ್ಗಿ ಮಠವನ್ನ ಕೊಳ್ಳೆ ಹೊಡೀತು, ಜನರನ್ನ ಕೊಂದ್ರು, ಶಾರದಾಂಬೆಯ ವಿಗ್ರಹವನ್ನೇ ಸ್ಥಾನಪಲ್ಲಟ ಮಾಡಿದ್ರು. ಆಗಿನ ಜಗದ್ಗುರು ಮೂರನೇ ಸಚ್ಚಿದಾನಂದ ಭಾರತಿಗಳು ಊರು ಬಿಟ್ಟು ಕಾರ್ಕಳದಲ್ಲಿ ಉಳೀಬೇಕಾಯ್ತು.

ನಮ್ಮ ನಾಯಕಿ ಮಠದ ಅಡುಗೆಮನೆಯಲ್ಲಿ ಕೆಲಸ ಮಾಡುವವರ ಮಗಳು. ಅವಳಿಗೆ ಶಕ್ತಿ ಬಂದಾಗ ಸುತ್ತ ಬೆಂಕಿಯ ಮಾಲೆ. ಇದು ಗೆಳೆಯನ ಐಡಿಯಾ. ಅವನೂರಿನ ಸಿಂಹನಗದ್ದೆ ಬಸದಿಯ ಜ್ವಾಲಾಮಾಲಿನಿಯ ಹೆಸರಿನಿಂದ ಹೊಳೆದಿದ್ದಂತೆ. ಕುದುರೆ ಸವಾರರಿಗೆ ಕೆಂಪು ಕಣ್ಣು, ಕೋರೆಹಲ್ಲು ಬರೆದ. ಸೇನಾಪತಿಯ ಮೈಮೇಲೆ ರಾಕ್ಷಸ ಬಂದಿದ್ದಾನೆ ಅಂತ ಕಥೆ. ಜಪಾನಿನವರು ಮಾಡಿದ್ದನ್ನೇ ಕಾಪಿ ಹೊಡೆದಿದ್ವಿ, ಮುಚ್ಚಿಡೋದೇನಿದೆ.

ಮೊದಲನೇ ಹಂತ ತಯಾರಾದಾಗ ಆಫೀಸಿನಲ್ಲಿ ಪಕ್ಕ ಕೂರುವ ಸಹೋದ್ಯೋಗಿಗೆ ತೋರಿಸಿದೆ. ಅವನು ಮಿರಜ್‌ನವನು. ಪಟವರ್ಧನರ ಸಂಸ್ಥಾನವಾಗಿದ್ದ ಊರು ಅಂತ ನನಗೆ ಗೊತ್ತಿತ್ತು, ಆ ಕ್ಷಣದಲ್ಲಿ ತಲೆಗೇ ಹೊಳೀಲಿಲ್ಲ. ಹತ್ತು ನಿಮಿಷ ಆಡಿದ. ಆಮೇಲೆ ಪರದೆ ಮೇಲಿದ್ದ ಸವಾರನನ್ನ ಬೆರಳಲ್ಲಿ ತೋರಿಸಿ, "ಇವನು ನಾನಾ?" ಅಂತ ಕೇಳಿದ. ನಗ್ತಾನೇ ಕೇಳಿದ. ಅದಾದ ಮೇಲೆ ಒಂದು ವಾರ ಕಾಫಿಗೆ ಕರೀಲಿಲ್ಲ. ದಿನಕ್ಕೆ ಎರಡು ಸಲ ಕರೀತಿದ್ದವನು. ನಾನು ಹೋಗಿ ಏನೋ ಸಮಜಾಯಿಷಿ ಹೇಳಿದಾಗ ಅವನು ಹೇಳಿದ್ದಿಷ್ಟು: ಅವನಜ್ಜಿಯ ಕಥೆಗಳಲ್ಲೂ ಆ ಕಾಲದಲ್ಲಿ ಒಬ್ಬ ರಾಕ್ಷಸ ಇದ್ದ. ಅವನು ಇದ್ದದ್ದು ಶ್ರೀರಂಗಪಟ್ಟಣದಲ್ಲಿ.

ಗೆಳೆಯನಿಗೆ ಫೋನ್ ಮಾಡಿದೆ. "ಅಷ್ಟೇ ತಾನೇ ಮಾರಾಯ, ಹಂಗಾರೆ ರಾಕ್ಷಸನ್ನ ಎತ್ತಿ ಟಿಪ್ಪು ಮೈಮೇಲೆ ಹಾಕುವ. ಅರ್ಧ ಜನ ಚಪ್ಪಾಳೆ ತಟ್ತಾರೆ," ಅಂದ. ತಮಾಷೆಗೆ ಹೇಳಿದ್ನೋ ನಿಜಕ್ಕೋ ಗೊತ್ತಾಗಲಿಲ್ಲ. ಆದ್ರೆ ಶೃಂಗೇರಿಯ ಕಥೆಗೆ ಅದು ಕೂರೋದೇ ಇಲ್ಲ. ಮಠಕ್ಕೆ ಟಿಪ್ಪು ಬರೆದ ಕನ್ನಡ ಪತ್ರಗಳನ್ನ 1916ರಲ್ಲಿ ಮೈಸೂರಿನ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಬೆಳಕಿಗೆ ತಂದ್ರು. ಕೊಳ್ಳೆಯ ಸುದ್ದಿಗೆ ದುಃಖ ಹೇಳಿ, ನಗರದ ಅಧಿಕಾರಿಯಿಂದ 200 ರಹತಿ ನಗದನ್ನೂ ಬೇರೆ ಸಾಮಗ್ರಿಯನ್ನೂ ಕೊಡಿಸಿದವನು ಅವನು. ಹಾಗಂತ ದೇವತೆಯ ವೇಷ ಹಾಕೋಣ ಅಂದ್ರೆ, ಅದೇ ಟಿಪ್ಪು 1784ರಲ್ಲಿ ಕರಾವಳಿಯ ಕ್ರೈಸ್ತರನ್ನ ಸಾವಿರಗಟ್ಟಲೆ ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದವನು. ಆ ಕುಟುಂಬಗಳ ಮಕ್ಕಳು ನನ್ನ ಕ್ಲಾಸಿನಲ್ಲಿದ್ರು.

ಕೊನೆಗೆ ಉಳಿದವನು ಕಾರ್ನ್‌ವಾಲಿಸ್. 1791ರ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆ ಹಿಡಿದವನು. ಅವನ ಮೈಮೇಲೆ ರಾಕ್ಷಸನ್ನ ಕೂರಿಸಿದ್ರೆ ನಮ್ಮಲ್ಲಿ ಯಾರಿಗೂ ಬೇಜಾರಾಗಲ್ಲ! ಆದ್ರೆ ಶೃಂಗೇರಿ ಕೊಳ್ಳೆ ಹೊಡೆದದ್ದು ಅವನ ದಂಡಲ್ವಲ್ಲ. ಆಗ ನನಗೆ ಅರ್ಥ ಆಯ್ತು. ರಾಕ್ಷಸನನ್ನ ನಾವು ಹುಡುಕ್ತಿರೋದು ಕಥೆಗೆ ಬೇಕು ಅಂತಲ್ಲ. ಕೈಮುಗಿಯೋ ದೇವರು ಒಂದೇ ಆದ ಜನ ಬಂದು ಆ ದೇವರ ಮನೆಯನ್ನೇ ದೋಚಿದ್ರು ಅನ್ನೋದನ್ನ ಬಾಯಿಬಿಟ್ಟು ಹೇಳೋಕೆ ಮುಜುಗರ, ಅದಕ್ಕೆ. ಜೋನ್ ವಿಷಯದಲ್ಲೂ ಅದೇ ತಾನೇ ಆಗಿದ್ದು.

ದೀಪಾವಳಿಗೆ ಊರಿಗೆ ಹೋದಾಗ ಅಜ್ಜಯ್ಯನ ಫೋಟೋ ಕೆಳಗೆ ಕೂತು ಅಡಿಕೆ ಸುಲಿಯುವಾಗ ಆ ಹಳೇ ಮಾತು ನೆನಪಾಯ್ತು. ವೇಷ ತೆಗೆದು ಮಾತು ಕೇಳಬೇಕು. ಬೆಂಗಳೂರಿಗೆ ವಾಪಸ್ ಬಂದವನೇ ಕೋರೆಹಲ್ಲಿನ ಫೈಲುಗಳನ್ನೆಲ್ಲ ಡಿಲೀಟ್ ಮಾಡಿದೆ. (ಗೆಳೆಯ ಎರಡು ದಿನ ಬೈದ. ಅವನ ಹದಿನೈದು ರಾತ್ರಿಗಳ ಕೆಲಸ, ಬೈಗುಳ ನ್ಯಾಯವೇ.) ಈಗ ನಮ್ಮ ಆಟದಲ್ಲಿ ಹೊಡೆದಾಟಕ್ಕೆ ಮುಂಚೆ ಇಬ್ಬರೂ ಮಾತಾಡಲೇಬೇಕು. ನಾಯಕಿಯ ಕೆಲಸವೂ ಬದಲಾಗಿದೆ. ಗೆಲ್ಲೋದಲ್ಲ, ಗಾಯಗೊಂಡವರನ್ನ ಕರ್ಕೊಂಡು ಘಟ್ಟ ಇಳಿದು ಕಾರ್ಕಳ ಸೇರೋದು.

ಸವಾರನ ಮಾತು ಬರೆದುಕೊಡ್ತೀಯಾ ಅಂತ ಮಿರಜ್ ಹುಡುಗನನ್ನೇ ಕೇಳಿದೆ. ಒಂದು ತಿಂಗಳು ಸುಮ್ಮನಿದ್ದ. ಆಮೇಲೆ ಮರಾಠಿಯಲ್ಲಿ ಒಂದು ಪುಟ ಕಳಿಸಿದ. ದಂಡಿನ ಜೊತೆ ಹೊರಟ ಪಿಂಡಾರಿಗಳಿಗೆ ಸಂಬಳ ಇರ್ತಿರಲಿಲ್ಲ, ಕೊಳ್ಳೆಯೇ ಸಂಬಳ. ಅಂಥವನೊಬ್ಬ ಮಠದ ಬಾಗಿಲಲ್ಲಿ ನಿಂತು ತನ್ನ ಹಸಿವು, ಮನೆ ಬಿಟ್ಟು ಎಷ್ಟು ದಿನ ಆಯ್ತು, ಎಲ್ಲಾ ಹೇಳ್ತಾನೆ. ಒಳಗಿರೋ ದೇವಿಗೆ ಕೈ ಮುಗೀತಾನೆ. ಆಮೇಲೆ ಒಳಗೆ ನುಗ್ತಾನೆ. ಓದಿ ನನಗೆ ಕೋರೆಹಲ್ಲಿನ ಸವಾರನಿಗಿಂತ ಇವನ ಭಯವೇ ಜಾಸ್ತಿ ಆಯ್ತು.

ಕಳೆದ ಚಳಿಗಾಲ ಅವನನ್ನ ಶೃಂಗೇರಿಗೆ ಕರ್ಕೊಂಡು ಹೋಗಿದ್ದೆ. ತುಂಗೆಯ ಮೀನಿಗೆ ಮಂಡಕ್ಕಿ ಹಾಕುತ್ತಾ ಬಹಳ ಹೊತ್ತು ಮಾತಾಡದೆ ನಿಂತಿದ್ದ. ಮಧ್ಯಾಹ್ನ ಮಠದ ಊಟದ ಪಂಕ್ತಿಯಲ್ಲಿ ಅಕ್ಕಪಕ್ಕ ಕೂತ್ವಿ. ಎರಡನೇ ಸಲ ಪಾಯಸ ಹಾಕಿಸ್ಕೊಂಡ. ನನ್ನ ಬಾಯಿ ಸುಮ್ಮನಿರಬೇಕಲ್ಲ, "ಈ ಸಲ ಇಲ್ಲೇ ಉಣ್ಣೋದು ಮಾತ್ರ, ಕಟ್ಕೊಂಡು ಹೋಗೋ ಹಾಗಿಲ್ಲ," ಅಂದುಬಿಟ್ಟೆ. ಒಂದು ಕ್ಷಣ ನನ್ನನ್ನೇ ನೋಡಿದ. ಸತ್ತೆ ಅಂದ್ಕೊಂಡೆ. ಆಮೇಲೆ ಅವನು ನಕ್ಕಿದ್ದು ನೋಡಿ ಬಡಿಸುವವರು ಮೂರನೇ ಸಲ ಪಾಯಸ ಹಾಕಿ ಹೋದ್ರು.

ಆಟ ಇನ್ನೂ ಮುಗಿದಿಲ್ಲ. ಘಟ್ಟದ ಹಂತದಲ್ಲಿ ಜನ ಬಂಡೆಯೊಳಗೇ ನಡ್ಕೊಂಡು ಹೋಗ್ತಾರೆ, ಆ ಬಗ್ ಸರಿ ಮಾಡಬೇಕು. ಟಿಪ್ಪುವಿನ ಅರ್ಥ ಹೇಳೋಕೆ ಇನ್ನೂ ಯಾರೂ ಸಿಕ್ಕಿಲ್ಲ. ಅವನನ್ನ ಹೊಗಳದೆ, ತೆಗಳದೆ, ಅವನ ಮಾತನ್ನ ಅವನದಾಗಿ ಆಡಬೇಕು. ಓದ್ತಿರೋ ನಿಮ್ಮಲ್ಲಿ ಯಾರಿಗಾದ್ರೂ ಧೈರ್ಯ ಇದ್ರೆ ಹೇಳಿ. ಸಂಬಳ ಇಲ್ಲ, ಪಾಯಸ ಉಂಟು :)