ಬಾಲೇವಾಡಿಯ ಮೂರು ಗೋಲುಗಳು

ಹೊರನಾಡಿನಲ್ಲಿ ನೆಲೆಸಿದವರನ್ನು ಕೇಳಲಾಗುವ ಪ್ರಶ್ನೆಗಳಲ್ಲಿ 'ನಿಮ್ಮ ಊರು ಯಾವುದು?' ಎಂಬುದು ಅತ್ಯಂತ ಸುಲಭವಾದದ್ದು. ಧಾರವಾಡವೋ ಕುಂದಾಪುರವೋ ಇಂಡಿ ತಾಲ್ಲೂಕಿನ ಒಂದು ಹಳ್ಳಿಯೋ, ಹೇಳಿ ಮುಗಿಸಬಹುದು. 'ನೀವು ಯಾರ ಕಡೆ?' ಎಂಬ ಪ್ರಶ್ನೆ ಅಷ್ಟು ಸಲೀಸಲ್ಲ. ಅದನ್ನು ಕೇಳುವವರೂ ಕಡಿಮೆ. ಪುಣೆಯಲ್ಲಿ ಹದಿನೈದಿಪ್ಪತ್ತು ವರ್ಷ ಬಾಳಿದ ನಮ್ಮಂಥ ನಾಲ್ಕು ಕನ್ನಡ ಮನೆಗಳಿಗೆ ಆ ಪ್ರಶ್ನೆ ನೇರವಾಗಿ ಎದುರಾದದ್ದು 2017ರ ಡಿಸೆಂಬರ್ 14ರ ಗುರುವಾರ ರಾತ್ರಿ, ಒಂದು ಫುಟ್‌ಬಾಲ್ ಪಂದ್ಯದ ನಡುವೆ.

ನಮ್ಮ ಪರಿಚಯವನ್ನು ಮೊದಲು ಮಾಡಿಕೊಡಬೇಕು. ನಾವು ಫುಟ್‌ಬಾಲ್ ಪಂಡಿತರಲ್ಲ. ನಮ್ಮಲ್ಲಿ ಒಂದು ಮನೆಯವರು ಧಾರವಾಡದವರು. ಇನ್ನೊಂದು ಮನೆ ವಿಜಯಪುರದ್ದು. ಮೂರನೆಯವರು ಬೆಂಗಳೂರಿನ ಬಸವನಗುಡಿಯವರು. ನಾಲ್ಕನೆಯ ಮನೆಯ ಒಡತಿ ಮಂಗಳೂರಿನ ನೆಹರೂ ಮೈದಾನದ ಬದಿಯಲ್ಲಿ ಬೆಳೆದವರು. ಆಟದ ಒಳಹೊರಗನ್ನು ಬಲ್ಲವರು ಈ ಮಂಗಳೂರಿನ ಅಕ್ಕ ಒಬ್ಬರೇ. ಆಫ್‌ಸೈಡ್ ಎಂದರೇನು ಎಂಬುದನ್ನು ಊಟದ ಮೇಜಿನ ಮೇಲೆ ಉಪ್ಪಿನಕಾಯಿ ಬಾಟಲಿ, ತುಪ್ಪದ ಗಿಂಡಿಗಳನ್ನಿಟ್ಟು ಅವರು ನಮಗೆ ಅನೇಕ ಸಲ ವಿವರಿಸಿದ್ದಾರೆ. ಪ್ರತಿ ಸಲವೂ ನಾವು ತಿಳಿದವರಂತೆ ತಲೆಯಾಡಿಸಿದ್ದೇವೆ.

ಬೆಂಗಳೂರಿಗೂ ಫುಟ್‌ಬಾಲಿಗೂ ಇರುವ ನಂಟು ಹಳೆಯದು ಎಂಬುದನ್ನೂ ನಾವು ತಿಳಿದದ್ದು ಅವರಿಂದಲೇ. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲು 1948ರಲ್ಲಿ ಲಂಡನ್ನಿನಲ್ಲಿ ಫ್ರಾನ್ಸ್ ವಿರುದ್ಧ ಬಂದದ್ದು. ಅದನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಆಸ್ಟಿನ್ ಟೌನ್, ಗೌತಮಪುರದಂಥ ದಂಡುಪ್ರದೇಶದ ಬೀದಿಗಳು ಆಟಗಾರರನ್ನು ಬೆಳೆಸಿದವು. ಮೈಸೂರು ರಾಜ್ಯದ ತಂಡ ಸಂತೋಷ್ ಟ್ರೋಫಿಯನ್ನು ನಾಲ್ಕು ಸಲ ಗೆದ್ದಿತು. ಬಸವನಗುಡಿಯವರಿಗೆ ಇದೊಂದೂ ಗೊತ್ತಿರಲಿಲ್ಲ. ಬಸವನಗುಡಿಗೂ ಗೌತಮಪುರಕ್ಕೂ ನಡುವಿನ ದೂರ ಕೆಲವೊಮ್ಮೆ ಪುಣೆಗೂ ಬೆಂಗಳೂರಿಗೂ ಇರುವ ದೂರಕ್ಕಿಂತ ಹೆಚ್ಚು ಎಂದು ಅಕ್ಕ ನಕ್ಕಿದ್ದರು.

2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿತು. ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದಿತು. ದೂರದಲ್ಲಿದ್ದ ನಮಗೆ ಅಷ್ಟು ಸಾಕಾಯಿತು. ನೀಲಿ ಅಂಗಿ ತೊಟ್ಟವರು ಗೆದ್ದರೆ ಮರುದಿನ ಹಿಂಜವಡಿಯ ಕಚೇರಿಯಲ್ಲಿ ನಮ್ಮ ನಡಿಗೆಯೇ ಬೇರೆಯಾಗುತ್ತಿತ್ತು. ವಿಚಾರ ಮಾಡಿದರೆ ಇದರಲ್ಲಿ ತರ್ಕ ಕಡಿಮೆ. ಬೆಳಗಾವಿ ಭಾಗದವರಿಗೆ ಪುಣೆ ಸುಮಾರು 340 ಕಿಲೋಮೀಟರ್, ಬೆಂಗಳೂರು 500. ನಮ್ಮ ವಿಜಯಪುರದವರು ಓದಿದ್ದು ಸೊಲ್ಲಾಪುರದಲ್ಲಿ, ನೌಕರಿ ಹಿಡಿದದ್ದು ಪುಣೆಯಲ್ಲಿ. ಬೆಂಗಳೂರನ್ನು ಅವರು ಕಂಡದ್ದು ಎರಡು ಮದುವೆ ಮತ್ತು ಒಂದು ಪಾಸ್‌ಪೋರ್ಟ್ ತೊಡಕಿನ ನಿಮಿತ್ತ. ಆದರೂ ಸುನಿಲ್ ಛೇತ್ರಿ ಗೋಲು ಹೊಡೆದಾಗ ಎಲ್ಲರಿಗಿಂತ ಮೊದಲು ಎದ್ದು ನಿಲ್ಲುವವರು ಅವರೇ. ಛೇತ್ರಿ ಹುಟ್ಟಿದ್ದು ಸಿಕಂದರಾಬಾದಿನಲ್ಲಿ. ಆತನನ್ನು ನಮ್ಮವನೆನ್ನಲು ನಮಗೇನು ಹಕ್ಕಿತ್ತೋ, ಬಹುಶಃ ಅದೇ ಹಕ್ಕಿನಿಂದ ಪುಣೆಯೂ ನಮ್ಮನ್ನು ತನ್ನವರೆಂದುಕೊಂಡಿರಬೇಕು.

ಬೆಂಗಳೂರು ತಂಡ ಇಂಡಿಯನ್ ಸೂಪರ್ ಲೀಗಿಗೆ ಬಂದದ್ದು 2017ರಲ್ಲಿ. ಪುಣೆಗೆ ಆಗಲೇ ತನ್ನದೊಂದು ತಂಡವಿತ್ತು, ಎಫ್‌ಸಿ ಪುಣೆ ಸಿಟಿ. ಕಿತ್ತಳೆ ಬಣ್ಣದ ಅಂಗಿಯವರು. ನಮ್ಮ ಮಕ್ಕಳು ಆ ಕಿತ್ತಳೆಯಲ್ಲೇ ಬೆಳೆದವರು. ಪುಣೆಯಲ್ಲಿ ಹುಟ್ಟಿ, ಮರಾಠಿಯಲ್ಲಿ ಜಗಳವಾಡಿ, ಮನೆಯೊಳಗೆ ಬಂದೊಡನೆ ಕನ್ನಡಕ್ಕೆ ಹೊರಳುವ ಮಕ್ಕಳು. ಅವರನ್ನು ಹಿಂದಿನ ಋತುಗಳಲ್ಲಿ ಬಾಲೇವಾಡಿಗೆ ಕರೆದೊಯ್ಯುತ್ತಿದ್ದವರು ನಮ್ಮ ಕಟ್ಟಡದ ನಿವೃತ್ತರೊಬ್ಬರು. ಸದಾಶಿವ ಪೇಠೆಯ ವಾಡೆಯೊಂದರಲ್ಲಿ ಬೆಳೆದು, ಮುಪ್ಪಿನಲ್ಲಿ ನಗರದ ಹೊರಭಾಗಕ್ಕೆ ಬಂದವರು. ಮಕ್ಕಳೂ ನಾವೂ ಅವರನ್ನು ಕಾಕಾ ಎಂದೇ ಕರೆಯುತ್ತೇವೆ. ಮಾತು ಮೊನಚು, ಮನಸ್ಸು ಮೆತ್ತಗೆ.

ಹೀಗೆ ಆ ಗುರುವಾರ ನಾವು ಎರಡು ಬಣ್ಣಗಳಲ್ಲಿ ಹೊರಟೆವು. ದೊಡ್ಡವರು ನೀಲಿ, ಮಕ್ಕಳು ಮತ್ತು ಕಾಕಾ ಕಿತ್ತಳೆ. ಬಾಲೇವಾಡಿಯ ಆ ಕ್ರೀಡಾಸಂಕೀರ್ಣ 1994ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ಕಟ್ಟಿದ್ದು. ಅದರ ಪಕ್ಕದಲ್ಲೇ ಮುಂಬಯಿ–ಬೆಂಗಳೂರು ಹೆದ್ದಾರಿ ಹರಿಯುತ್ತದೆ. ಸಾತಾರಾ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ, ಚಿತ್ರದುರ್ಗಗಳನ್ನು ದಾಟಿ ಬೆಂಗಳೂರು ಮುಟ್ಟುವ ರಸ್ತೆ ಅದು. ಊರಿಗೆ ಹೋಗುವ ಬಸ್ಸನ್ನು ನಾವು ಹತ್ತುವುದೂ ಅದರ ಬದಿಯಲ್ಲೇ. ಕ್ರೀಡಾಂಗಣದಲ್ಲಿ ಪ್ರೇಕ್ಷಕರಿಗೂ ಅಂಗಣಕ್ಕೂ ನಡುವೆ ಓಟದ ಪಥ ಇರುವುದರಿಂದ ಆಟಗಾರರು ದೂರದಲ್ಲಿ ಚಿಕ್ಕದಾಗಿ ಕಾಣುತ್ತಾರೆ. ಕೂಗು ಅವರಿಗೆ ಮುಟ್ಟಬೇಕಾದರೆ ಗಂಟಲು ಗಟ್ಟಿಯಾಗಿರಬೇಕು. ಬೆಂಗಳೂರಿನಿಂದ ಬಂದಿದ್ದ ನೀಲಿ ಅಂಗಿಯ ಯುವಕರ ಗುಂಪೊಂದು ಸ್ವಲ್ಪ ದೂರದಲ್ಲಿ ಆಗಲೇ ಹಾಡಲು ತೊಡಗಿತ್ತು. ಅಪರಿಚಿತರ ಬಾಯಲ್ಲಿ, ಬಹಿರಂಗ ಸ್ಥಳದಲ್ಲಿ, ಅಷ್ಟು ಗಟ್ಟಿಯಾದ ಕನ್ನಡವನ್ನು ನಾವು ಪುಣೆಯಲ್ಲಿ ಕೇಳಿದ್ದು ಅದೇ ಮೊದಲು. ಇಲ್ಲಿ ನಮ್ಮ ಕನ್ನಡ ಸಾಮಾನ್ಯವಾಗಿ ಲಿಫ್ಟಿನೊಳಗೆ, ಫೋನಿನೊಳಗೆ, ಉಡುಪಿ ಹೋಟೆಲಿನ ಗಲ್ಲಾದ ಎದುರು ಮೆಲುದನಿಯಲ್ಲಿ ಬದುಕುವ ಭಾಷೆ.

ಮೊದಲರ್ಧ ಪುಣೆಯದ್ದಾಯಿತು. ಆದಿಲ್ ಖಾನ್ ಗೋಲು ಹೊಡೆದರು. ಕಿತ್ತಳೆಯ ಜನಸ್ತೋಮ ಎದ್ದು ನಿಂತಿತು. ನಮ್ಮ ಸಾಲಿನಲ್ಲಿ ಎದ್ದವರು ಮಕ್ಕಳು ಮತ್ತು ಕಾಕಾ. ಧಾರವಾಡದವರ ಮಗಳಿಗೆ ಆಗ ಒಂಬತ್ತು ವರ್ಷ. ಕುಣಿದು ದಣಿದ ಮೇಲೆ ಆಕೆ ತಂದೆಯ ಮುಖವನ್ನು ನೋಡಿ, "ಅಪ್ಪಾ, ನೀ ಯಾರ ಕಡೆ ಅದೀ?" ಎಂದು ಕೇಳಿದಳು. ಆಕ್ಷೇಪವಿಲ್ಲದ, ಬರೀ ಕುತೂಹಲದ ಪ್ರಶ್ನೆ. ಅವರು ಉತ್ತರಿಸಲಿಲ್ಲ. ವಿರಾಮದಲ್ಲಿ ವಡಾಪಾವ್ ತರುವ ನೆವದಿಂದ ಎದ್ದು ಹೋದರು. ನಾವೆಲ್ಲರೂ ಸುಮ್ಮನಿದ್ದೆವು. ಸೋಲಿನ ಅಂಚಿನಲ್ಲಿರುವ ತಂಡದ ಕಡೆಯವರೆಂದು ಹೇಳಿಕೊಳ್ಳಲು, ಅದೂ ತಾನು ಬದುಕಿರುವ ಊರಿನ ನಡುವೆ ಕುಳಿತು, ಸಂಕೋಚವಾಗುತ್ತದೆ.

ವಿರಾಮದ ನಂತರ ಸ್ವಲ್ಪ ಹೊತ್ತಿಗೆ ಪುಣೆಯ ಆಟಗಾರನೊಬ್ಬನಿಗೆ ರೆಫರಿ ಕೆಂಪು ಕಾರ್ಡ್ ತೋರಿಸಿದರು. ಹನ್ನೊಂದು ಹತ್ತಾಯಿತು. ಅಲ್ಲಿಂದ ಮುಂದಿನ ಅರ್ಧ ಗಂಟೆ ನಮ್ಮ ನೆನಪಿನಲ್ಲಿ ಗಡಿಯಾರದ ಕ್ರಮದಲ್ಲಿ ಉಳಿದಿಲ್ಲ. ಮಿಕು ಸಮಗೊಳಿಸಿದರು. ಅದೇ ಮಿಕು ಇನ್ನೊಂದು ಹೊಡೆದು ಮುನ್ನಡೆ ತಂದರು. ಕೊನೆಗೆ, ಪಂದ್ಯ ಮುಗಿದೇ ಹೋಗಿತ್ತೆನ್ನುವಾಗ, ಛೇತ್ರಿಯವರ ಗೋಲು. ಮೂರು–ಒಂದು. ನೆನಪಿರುವುದು ದನಿಗಳು. ವಿಜಯಪುರದವರ "ಹೊಡೀಲೇ ತಮ್ಮಾ, ಹೊಡಿ!", ಬಸವನಗುಡಿಯವರ "ಬಾ ಗುರೂ, ಬಾ ಬಾ!", ಮಂಗಳೂರಿನ ಅಕ್ಕನ ತುಳು, ಅದರ ಅರ್ಥವನ್ನು ಅವರು ಈವರೆಗೂ ನಮಗೆ ಹೇಳಿಲ್ಲ. ವೆನೆಜುವೆಲಾದಿಂದ ಬಂದ ಆಟಗಾರನೊಬ್ಬನಿಗೆ ವಿಜಯಪುರದ ಕನ್ನಡದಲ್ಲಿ ಆಜ್ಞೆ ಕೊಡುವುದರಲ್ಲಿರುವ ಹಾಸ್ಯ ಆಗ ಯಾರಿಗೂ ತೋಚಲಿಲ್ಲ. ಎರಡನೆಯ ಗೋಲಿನ ಹೊತ್ತಿಗೆ ಧಾರವಾಡದವರು ಕುರ್ಚಿಯ ಮೇಲೆ ನಿಂತಿದ್ದರು. ಪಕ್ಕದಲ್ಲಿ ಮಗಳು ಕುಳಿತಿದ್ದಳು.

ಆಕೆ ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ತಂದೆಯನ್ನು ಒಂದು ಹೊಸ ಮನುಷ್ಯನನ್ನು ನೋಡುವ ಹಾಗೆ ನೋಡುತ್ತಿದ್ದಳು. ಆ ನೋಟವನ್ನು ನಾವು ನಾಲ್ಕೂ ಮನೆಯವರು ಕಂಡೆವು. ಈ ಮಕ್ಕಳು ನಮ್ಮನ್ನು ಕಂಡಿರುವುದು ಗೋಧಿ ಹಿಟ್ಟಿನ ಚೀಲ ಹೊತ್ತು ತರುವವರಾಗಿ, ಸೊಸೈಟಿಯ ಸಭೆಯಲ್ಲಿ ಅಳೆದು ತೂಗಿ ಮರಾಠಿ ಮಾತನಾಡುವವರಾಗಿ, 'ಮೆಲ್ಲಗೆ, ಪಕ್ಕದ ಮನೆಯವರಿಗೆ ಕೇಳಿಸುತ್ತದೆ' ಎನ್ನುವವರಾಗಿ. ಅಷ್ಟು ಎತ್ತರದ ದನಿ ನಮ್ಮಲ್ಲಿದೆ, ಅದು ಬೇರೊಂದು ಊರಿಗಾಗಿ ಮೀಸಲಿದೆ ಎಂಬುದು ಅವರಿಗೆ ಆ ರಾತ್ರಿ ತಿಳಿಯಿತು. ನಮಗೂ ಅಷ್ಟು ಸ್ಪಷ್ಟವಾಗಿ ತಿಳಿದದ್ದು ಆಗಲೇ.

ಹೊರಗೆ ಬಂದಾಗ ಹೆದ್ದಾರಿಯಲ್ಲಿ ಬಸ್ಸುಗಳು ದಕ್ಷಿಣಕ್ಕೆ ಓಡುತ್ತಿದ್ದವು. ಚಳಿಗೆ ಕಾಕಾ ಮಫ್ಲರ್ ಸುತ್ತಿಕೊಂಡು, "ಅಹೋ, ದಹಾ ಜಣಾಂವಿರುದ್ಧ ಜಿಂಕಲಾತ್ ತುಮ್ಹೀ!" ಎಂದರು. ಹತ್ತು ಜನರ ವಿರುದ್ಧದ ಗೆಲುವೂ ಒಂದು ಗೆಲುವೇ ಎಂಬ ಅಣಕ. ಅದರಲ್ಲಿ ನ್ಯಾಯವಿತ್ತು. ಎದುರಾಳಿಗಳು ಹನ್ನೊಂದು ಮಂದಿಯೂ ಇದ್ದಿದ್ದರೆ ಆ ಮೂರು ಗೋಲುಗಳು ಬರುತ್ತಿದ್ದವೇ? ಮಂಗಳೂರಿನ ಅಕ್ಕ, ಒಬ್ಬರು ಕಡಿಮೆಯಾದ ತಂಡ ಹಿಂದೆ ಸರಿದು ಗೋಡೆಯಂತೆ ನಿಂತರೆ ಭೇದಿಸುವುದು ಇನ್ನೂ ಕಷ್ಟ ಎಂದು ವಾದಿಸಿದರು. ನಾವು ಅವರ ಪಕ್ಷ ಹಿಡಿದೆವು, ಆದರೆ ಆ ವಾದವನ್ನು ನಾವು ಪೂರ್ತಿ ನಂಬಿದ್ದೆವೆಂದು ಹೇಳಲಾರೆವು.

ಗೆಲುವು ಕೊನೆಯ ಗಳಿಗೆಯಲ್ಲಿ ಕೈಜಾರಿದಾಗ ಹೇಗಿರುತ್ತದೆ ಎಂಬುದು ನಮಗೆ ತಿಳಿಯದ್ದೇನಲ್ಲ. 2015ರ ಮೇ 31ರಂದು ಕಂಠೀರವದಲ್ಲಿ ಐ-ಲೀಗಿನ ಕೊನೆಯ ಪಂದ್ಯ. ಬೆಂಗಳೂರು ಗೆದ್ದರೆ ಪ್ರಶಸ್ತಿ ಬೆಂಗಳೂರಿಗೆ, ಸಮವಾದರೆ ಮೋಹನ್ ಬಾಗಾನಿಗೆ. ಜಾನ್ ಜಾನ್ಸನ್ ಹೊಡೆದ ಗೋಲಿನಿಂದ ನಾವು ಮುಂದಿದ್ದೆವು. 87ನೆಯ ನಿಮಿಷದಲ್ಲಿ ಬೆಲ್ಲೋ ರಜಾಕ್ ತಲೆಯಿಂದ ಚೆಂಡನ್ನು ಬಲೆಗೆ ನೂಕಿದರು. ನಾವು ಟಿವಿಯ ಮುಂದೆ ಕುಳಿತಲ್ಲೇ ಉಳಿದೆವು. ಎರಡು ಮಹಡಿ ಮೇಲಿನ ಬಂಗಾಳಿ ಕುಟುಂಬದ ಕೇಕೆ ಚಾವಣಿಯ ಮೂಲಕ ಇಳಿದು ಬಂತು. ಅವರೂ ನಮ್ಮಂತೆಯೇ ಊರು ಬಿಟ್ಟು ಬಂದವರು, ಹದಿಮೂರು ವರ್ಷ ಆ ಪ್ರಶಸ್ತಿಗಾಗಿ ಕಾದವರು ಎಂದು ಆಗ ಉದಾರವಾಗಿ ಯೋಚಿಸುವ ಸ್ಥಿತಿ ನಮ್ಮದಾಗಿರಲಿಲ್ಲ. ಆ ಸಿಹಿಯ ಡಬ್ಬಿ ಮರುದಿನ ನಮ್ಮ ಮನೆಗೂ ಬಂದಿತು. ತಿಂದೆವು.

2018ರ ಮಾರ್ಚಿನಲ್ಲಿ ಪುಣೆ ಮೊದಲ ಬಾರಿಗೆ ಸೆಮಿಫೈನಲ್ ತಲುಪಿದಾಗ ಎದುರಿಗೆ ಬಂದದ್ದು ಬೆಂಗಳೂರೇ. ಬಾಲೇವಾಡಿಯಲ್ಲಿ ಗೋಲಿಲ್ಲದ ಸಮ. ಬೆಂಗಳೂರಿನಲ್ಲಿ ಛೇತ್ರಿಯವರ ಮೂರು ಗೋಲು, ಪುಣೆಗೆ ಒಂದು. ಮಕ್ಕಳು ಆ ಪಂದ್ಯವನ್ನು ಕಾಕಾರ ಮನೆಯಲ್ಲಿ ನೋಡಿದರು. ಬಾಗಿಲು ಮುಚ್ಚಿತ್ತು. ಆರು ದಿನಗಳ ನಂತರ ಫೈನಲ್ಲಿನಲ್ಲಿ ನಮ್ಮವರು ಮೊದಲು ಗೋಲು ಹೊಡೆದೂ ಚೆನ್ನೈಯಿನ್ ತಂಡಕ್ಕೆ 2–3ರಿಂದ ಸೋತಾಗ, ಮಕ್ಕಳು ಬಾಗಿಲು ತೆರೆದು ಬಂದು ನಮ್ಮ ಪಕ್ಕ ಕುಳಿತರು. ಸಮಾಧಾನ ಹೇಳಲು ಬಂದರೋ, ಸೋಲನ್ನು ಸವಿಯಲು ಬಂದರೋ ತಿಳಿಯಲಿಲ್ಲ. ಎರಡೂ ಇದ್ದಿರಬಹುದು.

ಮರುವರ್ಷದ ಮಾರ್ಚ್ 17ರಂದು ಮುಂಬಯಿಯ ಅಂಧೇರಿಯಲ್ಲಿ ಗೋವಾ ವಿರುದ್ಧ ಫೈನಲ್. ನಮ್ಮಲ್ಲಿ ಇಬ್ಬರು ಹೋಗಿದ್ದರು. ಹೆಚ್ಚುವರಿ ಸಮಯದ 117ನೆಯ ನಿಮಿಷದಲ್ಲಿ ಬೆಂಗಳೂರಿಗೆ ಆ ಲೀಗಿನ ಮೊದಲ ಪ್ರಶಸ್ತಿ ತಂದುಕೊಟ್ಟ ಗೋಲನ್ನು ಹೊಡೆದವರು ರಾಹುಲ್ ಭೇಕೆ, ಮುಂಬಯಿಯ ಹುಡುಗ. ಕಾಕಾ ಮರುದಿನ ಬೆಳಿಗ್ಗೆ ಹಾಲಿನ ಚೀಲ ಹಿಡಿದು ಬಾಗಿಲಲ್ಲಿ ನಿಂತು, ನಿಮ್ಮ ಕಪ್ಪನ್ನು ಕೊನೆಗೂ ಒಬ್ಬ ಮರಾಠಿ ಹುಡುಗನೇ ತಂದುಕೊಡಬೇಕಾಯಿತಲ್ಲ ಎಂದು ಕೇಳಿ, ಉತ್ತರಕ್ಕೆ ಕಾಯದೆ ಮೆಟ್ಟಿಲಿಳಿದರು.

ಅದೇ ವರ್ಷ ಪುಣೆಯ ತಂಡ ಮುಚ್ಚಿಹೋಯಿತು. ಹಣದ ಮುಗ್ಗಟ್ಟು. ಆಗಸ್ಟಿನಲ್ಲಿ ಅದರ ಸ್ಥಾನವನ್ನು ಹೈದರಾಬಾದ್ ಎಫ್‌ಸಿ ತೆಗೆದುಕೊಂಡಿತು. ಹಲವು ಆಟಗಾರರೂ ಅಲ್ಲಿಗೇ ನಡೆದರು. ನಮಗೆ ಊರು ಬಿಡುವುದೆಂದರೇನು ಗೊತ್ತು. ಊರೇ ಉಳಿದು ತಂಡ ಮಾತ್ರ ಎದ್ದು ಹೋಗುವುದು ಗೊತ್ತಿರಲಿಲ್ಲ. ನಾವು 840 ಕಿಲೋಮೀಟರ್ ದೂರದಲ್ಲಿದ್ದರೂ ನಮ್ಮ ತಂಡಕ್ಕೊಂದು ವಿಳಾಸವಿದೆ. ಹುಟ್ಟಿದೂರಲ್ಲೇ ಇದ್ದ ನಮ್ಮ ಮಕ್ಕಳ ತಂಡಕ್ಕೆ ವಿಳಾಸವಿಲ್ಲದಾಯಿತು. ಬೆಂಗಳೂರಿನ ಅಂಗಿಯನ್ನು ಕೊಡಿಸೋಣವೆಂದು ಬಸವನಗುಡಿಯವರು ಸೂಚಿಸಿದಾಗ ಧಾರವಾಡದವರು ಬೇಡವೆಂದರು. ಅವರು ಹೇಳಿದ್ದೇ ಸರಿ. ಕೊಟ್ಟಿದ್ದರೆ ಹುಡುಗಿ ತೊಡುತ್ತಿದ್ದಳು, ತಂದೆಯ ಸಂತೋಷಕ್ಕಾಗಿ.

ಆ ನವೆಂಬರ್ 29ರ ಶುಕ್ರವಾರ ಹೈದರಾಬಾದಿನಲ್ಲಿ ಬೆಂಗಳೂರಿನ ಪಂದ್ಯ. ಎಲ್ಲರೂ ಧಾರವಾಡದವರ ಮನೆಯಲ್ಲಿ ಸೇರಿದ್ದೆವು, ಕಾಕಾ ಸಹಿತ. ಆರಂಭದಲ್ಲೇ ಛೇತ್ರಿ ಗೋಲು ಹೊಡೆದರು. ದ್ವಿತೀಯಾರ್ಧದಲ್ಲಿ ಹೈದರಾಬಾದಿನ ಒಬ್ಬ ಆಟಗಾರ ಕೆಂಪು ಕಾರ್ಡ್ ಪಡೆದು ಹೊರನಡೆದ. ನಾವು ನಿಶ್ಚಿಂತರಾಗಿ ಮಂಡಕ್ಕಿ ಮೆಲ್ಲುತ್ತಿದ್ದೆವು. ಹೆಚ್ಚುವರಿ ನಿಮಿಷಗಳಲ್ಲಿ ರಾಬಿನ್ ಸಿಂಗ್, ಹಿಂದಿನ ಋತುವಿನಲ್ಲಿ ಕಿತ್ತಳೆ ಅಂಗಿ ತೊಟ್ಟಿದ್ದ ಅದೇ ರಾಬಿನ್ ಸಿಂಗ್, ಸಮಗೊಳಿಸಿದರು. ಹನ್ನೊಂದು ವರ್ಷದ ಹುಡುಗಿ ಸೋಫಾದ ಮೇಲೆ ನಿಂತು ಕಿರುಚಿದಳು, ಮೊದಲು ಮರಾಠಿಯಲ್ಲಿ, ಆಮೇಲೆ ಅಚ್ಚ ಧಾರವಾಡದ ಕನ್ನಡದಲ್ಲಿ. ಕೆಳಗಿನ ಮನೆಯವರು ಏನೆಂದುಕೊಂಡಾರು ಎಂದು ಅಂದು ಯಾರೂ ಹೇಳಲಿಲ್ಲ. ಕಾಕಾ ಮಾತನಾಡಲಿಲ್ಲ. ಎರಡೂ ಕೈಗಳ ಹತ್ತು ಬೆರಳುಗಳನ್ನು ಬಿಡಿಸಿ, ಒಬ್ಬೊಬ್ಬರ ಮುಖದೆದುರೂ ಸಾವಕಾಶವಾಗಿ ಹಿಡಿದು ತೋರಿಸಿದರು. ಧಾರವಾಡದವರು ಚಹಕ್ಕೆ ನೀರಿಡಲು ಎದ್ದರು.