ವ್ಯಸನಿಯ ಚಿಕಿತ್ಸೆ ಮತ್ತು ವಿಮೆಯ ಲೆಕ್ಕ

ಸಪ್ತವ್ಯಸನಗಳಲ್ಲಿ ಮದ್ಯಪಾನವೂ ಒಂದೆಂದು ಬಾಲ್ಯದಿಂದಲೇ ಕೇಳಿ ಬೆಳೆದವರು ನಾವು. ಆದುದರಿಂದ ಕುಡಿತದ ಚಿಕಿತ್ಸೆಗೆ ಸರ್ಕಾರದ ವಿಮೆ ಏಕೆ, ಕುಡಿಯದವನ ತೆರಿಗೆ ಕುಡಿಯುವವನಿಗೇಕೆ ಎಂಬ ಪ್ರಶ್ನೆ ನಮ್ಮ ಮನೆಗಳಲ್ಲಿ ಏಳುವುದು ಸಹಜ. ನಲವತ್ತು ವರ್ಷ ಜಮಾ-ಖರ್ಚು ಬರೆದ ವರ್ತಕನಾಗಿ ಇದನ್ನು ಲೆಕ್ಕದ ದೃಷ್ಟಿಯಿಂದಲೂ ಧರ್ಮದ ದೃಷ್ಟಿಯಿಂದಲೂ ಪರಿಶೀಲಿಸಬಯಸುತ್ತೇನೆ.

2017ರ ಮಾನಸಿಕ ಆರೋಗ್ಯ ಕಾಯಿದೆಯು ಮದ್ಯ ಹಾಗೂ ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನು ಮನೋವ್ಯಾಧಿಯ ವ್ಯಾಖ್ಯೆಯಲ್ಲಿಯೇ ಸೇರಿಸಿತು. ದೈಹಿಕ ರೋಗಗಳಿಗಿರುವ ಆಧಾರದಲ್ಲಿಯೇ ಮನೋವ್ಯಾಧಿಗಳಿಗೂ ವಿಮೆ ಇರತಕ್ಕದ್ದೆಂದು ಅದರ 21ನೆಯ ಕಲಮು ವಿಧಿಸಿತು. ಆದರೆ ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ರೂಪಿಸಿದ ಹೊರತುಪಡಿಕೆಗಳ ಪಟ್ಟಿಯಲ್ಲಿ ವ್ಯಸನದ ಚಿಕಿತ್ಸೆಯೂ ಅದರ ಪರಿಣಾಮಗಳೂ ಸೇರಿದವು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಂತಾಯಿತು.

ನಮ್ಮ ಅಂಗಡಿಯ ಹಳೆಯ ಗುಮಾಸ್ತರೊಬ್ಬರ ಮಗ ಕುಡಿತ ಬಿಡಬೇಕೆಂದು ತಾನಾಗಿಯೇ ಆಸ್ಪತ್ರೆಗೆ ಹೋದನು. ಬಹುಕಾಲದ ಕುಡಿತವನ್ನು ಹಠಾತ್ತನೆ ನಿಲ್ಲಿಸಿದರೆ ಸೆಳವು, ಸನ್ನಿ ಉಂಟಾಗಿ ಪ್ರಾಣಕ್ಕೇ ಅಪಾಯ ಒದಗಬಹುದು. ಆದುದರಿಂದ ವೈದ್ಯರು ಅವನನ್ನು ಒಳರೋಗಿಯಾಗಿ ಇರಿಸಿಕೊಂಡರು. ವಿಮಾ ಕಂಪನಿಯು ಮೇಲೆ ಹೇಳಿದ ಷರತ್ತನ್ನೇ ತೋರಿಸಿ ಬಿಲ್ಲನ್ನು ತಿರಸ್ಕರಿಸಿತು. ಮಗಳ ಮದುವೆಗೆಂದು ಇಟ್ಟಿದ್ದ ಠೇವಣಿಯನ್ನು ಗುಮಾಸ್ತರು ಅವಧಿಗೆ ಮುನ್ನವೇ ಹಿಂಪಡೆದರು. ಕುಡಿಯುವವನಿಗೆಂದು ಬರೆದ ಷರತ್ತು ಎಂದೂ ಕುಡಿಯದ ತಂದೆಗೂ ತಂಗಿಗೂ ದಂಡ ವಿಧಿಸಿತು.

2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ ಯೋಜನೆಯು ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಆಸ್ಪತ್ರೆಯ ವೆಚ್ಚ ಭರಿಸುತ್ತದೆ. ಅದರ ಚಿಕಿತ್ಸಾ ಪಟ್ಟಿಯಲ್ಲಿ ಮಾದಕ ಸೇವನೆಯಿಂದಾಗುವ ಮನೋವ್ಯಾಧಿಗಳಿಗೂ ಸ್ಥಾನ ದೊರೆತುದು ಸ್ತುತ್ಯವೇ. ಆದರೆ ಅದು ಮುಖ್ಯವಾಗಿ ಒಳರೋಗಿಗಳ ಯೋಜನೆ. ವ್ಯಸನಿಗೆ ನಿಜವಾದ ಪರೀಕ್ಷೆ ಮನೆಗೆ ಮರಳಿದ ಮೇಲೆ. ತಿಂಗಳುಗಟ್ಟಲೆ ಔಷಧಿ, ಆಪ್ತಸಲಹೆ ಬೇಕು. ಹೊರರೋಗಿಯ ಆ ವೆಚ್ಚ ಕುಟುಂಬದ ಮೇಲೆಯೇ ಬೀಳುತ್ತದೆ.

ವಿಮೆಯೆಂದರೆ ಅಪಾಯವನ್ನು ಹಲವರು ಹಂಚಿಕೊಳ್ಳುವುದು. ಜಿಹ್ವಾಚಾಪಲ್ಯದಿಂದ ಹೃದ್ರೋಗ ತಂದುಕೊಂಡವನ ಶೀಲವನ್ನು ಯಾವ ವಿಮೆಯೂ ವಿಚಾರಿಸದು. ಇದಲ್ಲದೆ, ಮದ್ಯದ ಅಬಕಾರಿ ಸುಂಕವನ್ನು ರಾಜ್ಯ ಸರ್ಕಾರವು ಜಮೆಗೆ ಬರೆದುಕೊಳ್ಳುತ್ತದೆ. ಜಮೆ ಬರೆದವನು ಖರ್ಚನ್ನೂ ಬರೆಯಬೇಡವೆ? ಧರ್ಮದ ದೃಷ್ಟಿಯಿಂದಲೂ, ಜಾರಿದವನನ್ನು ಮರಳಿ ನೆಲೆಗೊಳಿಸುವ ಸ್ಥಿತೀಕರಣವು ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಒಂದು. ವ್ಯಸನವನ್ನು ಖಂಡಿಸುತ್ತಲೇ ವ್ಯಸನಿಯ ಕೈ ಹಿಡಿಯಬಹುದು.

ಶ್ರಾವಕ ಬಂಧುಗಳು ತಮ್ಮ ಪಾಲಿಸಿಯ ಹೊರತುಪಡಿಕೆಗಳನ್ನು ಇಂದೇ ಓದಿಕೊಳ್ಳಲಿ. ಬಸದಿಯ ಟ್ರಸ್ಟುಗಳು ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446ನ್ನು ಸೂಚನಾ ಫಲಕದಲ್ಲಿ ಬರೆಸಲಿ. ಔಷಧದಾನದ ನಿಧಿಯಲ್ಲಿ ಒಂದು ಪಾಲನ್ನು, ಆಸ್ಪತ್ರೆಯಿಂದ ಮರಳಿದವರ ಮುಂದಿನ ಚಿಕಿತ್ಸೆಗೆಂದು, ಹೆಸರು ಪ್ರಕಟಿಸದೆ ತೆಗೆದಿರಿಸಲಿ.